ಕಾರ್ಲೋ ಕೋಟೆಯ ಕುಸಿತ

ಐರ್ಲೆಂಡಿನ ಆಗ್ನೇಯ ಭಾಗದಲ್ಲಿ, ಬ್ಯಾರೋ ನದಿಯ ಎಡದಂಡೆಯ ಮೇಲೆ ಕಾರ್ಲೋ ಎಂಬ ಪಟ್ಟಣವಿದೆ. ಅಲ್ಲಿ ಎರಡು ದುಂಡನೆಯ ಬುರುಜುಗಳೂ ಅವನ್ನು ಜೋಡಿಸುವ ಎತ್ತರವಾದ ಗೋಡೆಯೊಂದೂ ಒಂಟಿಯಾಗಿ ನಿಂತಿವೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಬುರುಜುಗಳಿದ್ದ ಕೋಟೆಯೊಂದರ ಪಶ್ಚಿಮ ಪಾರ್ಶ್ವವಿದು. ಉಳಿದ ಭಾಗವೆಲ್ಲಿ? ಶತ್ರುಗಳ ಫಿರಂಗಿಗೆ ತುತ್ತಾಗಿರಬೇಕೆಂದು ನೋಡಿದವರು ಊಹಿಸಿಯಾರು. ಆದರೆ ನಡೆದುದೇ ಬೇರೆ.

13ನೆಯ ಶತಮಾನದ ಆದಿಯಲ್ಲಿ ವಿಲಿಯಂ ಮಾರ್ಷಲ್ ಎಂಬ ನಾರ್ಮನ್ ಸರದಾರನು ಈ ಕೋಟೆಯನ್ನು ಕಟ್ಟಿಸಿದನೆನ್ನುತ್ತಾರೆ. ನದಿಯ ದಾಟನ್ನು ಕಾಯುವುದು ಇದರ ಕೆಲಸ. 1361ರಲ್ಲಿ ಆಂಗ್ಲ ಸರಕಾರವು ತನ್ನ ಐರಿಷ್ ಬೊಕ್ಕಸದ ಕಚೇರಿಯನ್ನೇ ಕಾರ್ಲೋ ಪಟ್ಟಣಕ್ಕೆ ಸಾಗಿಸಿತು. ಮುಂದಿನ ಶತಮಾನಗಳಲ್ಲಿ ಕೋಟೆ ಹಲವು ಬಾರಿ ಕೈಬದಲಾಯಿತು. 1650ರಲ್ಲಿ ಕ್ರಾಮ್‌ವೆಲ್ಲನ ಪಕ್ಷದ ಸೇನೆಗೆ ಶರಣಾಯಿತು. ಆದರೂ ಗೋಡೆಗಳು ನಿಂತೇ ಇದ್ದವು.

ಅವನ್ನು ಕೆಡವಿದವನು ಯೋಧನಲ್ಲ, ವೈದ್ಯ! 19ನೆಯ ಶತಮಾನದ ಆರಂಭದಲ್ಲಿ ಮಿಡಲ್ಟನ್ ಎಂಬ ವೈದ್ಯನು ಕೋಟೆಯನ್ನು ಗುತ್ತಿಗೆಗೆ ಪಡೆದು, ಅದನ್ನು ಮನೋರೋಗಿಗಳ ಆಸ್ಪತ್ರೆಯಾಗಿ ಮಾರ್ಪಡಿಸಲು ಹೊರಟನು. ದಪ್ಪ ಗೋಡೆಗಳನ್ನು ತೆಳ್ಳಗೆ ಮಾಡಲು ಸಿಡಿಮದ್ದನ್ನು ಬಳಸಿದನು. 1814ರ ಫೆಬ್ರುವರಿಯಲ್ಲಿ ಕೋಟೆಯ ಬಹುಭಾಗ ಕುಸಿದುಬಿದ್ದಿತು.

ಇದರ ಕಾರಣವನ್ನು ಭೌತಶಾಸ್ತ್ರದಿಂದ ತಿಳಿಯಬಹುದು. ಸೀಮೆಸುಣ್ಣದ ತುಂಡೊಂದನ್ನು ಎರಡು ತುದಿಗಳಿಂದ ನೇರವಾಗಿ ಒತ್ತಿರಿ. ಅದು ಸುಲಭವಾಗಿ ಮುರಿಯದು. ಬಗ್ಗಿಸಿರಿ, ಒಡನೆಯೇ ಮುರಿಯುವುದು. ಕಲ್ಲುಗಾರೆಯ ಗೋಡೆಯ ಗುಣವೂ ಇದೇ. ಅದು ಒತ್ತಡವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಗೋಡೆಯ ಭಾರ ಅದರ ದಪ್ಪದ ಮಧ್ಯದಲ್ಲಿ ಕೆಳಗಿಳಿಯುತ್ತಿರುವವರೆಗೆ ಎಲ್ಲ ಕಲ್ಲುಗಳೂ ಒತ್ತಿಕೊಂಡೇ ಇರುತ್ತವೆ. ಅಡಿಯಲ್ಲಿ ಅರ್ಧ ದಪ್ಪವನ್ನು ತೆಗೆದರೆ, ಅದೇ ಭಾರವನ್ನು ಅರ್ಧ ಕ್ಷೇತ್ರವು ಹೊರಬೇಕಾಗುವುದರಿಂದ ಸರಾಸರಿ ಒತ್ತಡ ಇಮ್ಮಡಿಯಾಗುತ್ತದೆ. ಅಷ್ಟೇ ಅಲ್ಲ. ಭಾರವು ಈಗ ಉಳಿದ ದಪ್ಪದ ಮಧ್ಯಕ್ಕೆ ಬೀಳದೆ ಒಂದು ಅಂಚಿಗೆ ಸರಿಯುತ್ತದೆ. ಗೋಡೆ ಆ ಕಡೆಗೆ ವಾಲತೊಡಗುತ್ತದೆ, ಮತ್ತೊಂದು ಕಡೆ ಬಿರುಕು ಬಾಯ್ದೆರೆಯುತ್ತದೆ.

ಇದರ ಮೇಲೆ ಸಿಡಿಮದ್ದು. ಪೆಟ್ಲುಪ್ಪು, ಇದ್ದಿಲು, ಗಂಧಕಗಳ ಈ ಮಿಶ್ರಣವು ಉರಿದಾಗ ಅಪಾರ ಪ್ರಮಾಣದ ಬಿಸಿ ಅನಿಲ ಹುಟ್ಟುತ್ತದೆ. ಹೊರಗಿನಿಂದ ಬಡಿಯುವ ಗುಂಡು ಕಲ್ಲನ್ನು ಕಲ್ಲಿಗೆ ಒತ್ತುತ್ತದೆ. ಒಳಗೆ ಹುಟ್ಟಿದ ಅನಿಲವಾದರೋ ಎಲ್ಲ ದಿಕ್ಕುಗಳಿಗೂ ತಳ್ಳುತ್ತ, ಕಲ್ಲನ್ನು ಕಲ್ಲಿನಿಂದ ಅಗಲಿಸುತ್ತದೆ. ಬೇಡವಾದ ಕಲ್ಲು ಯಾವುದು, ಭಾರ ಹೊತ್ತ ಕಲ್ಲು ಯಾವುದು ಎಂಬ ವಿವೇಚನೆ ಅದಕ್ಕಿಲ್ಲ. ಆ ವಿವೇಚನೆ ಮದ್ದು ತುಂಬುವವನಲ್ಲಿರಬೇಕು.

ಮಿಡಲ್ಟನನ ಉದ್ದೇಶ ರೋಗಿಗಳಿಗೆ ಆಶ್ರಯ ಕಲ್ಪಿಸುವುದೇ ಆಗಿದ್ದಿತು. ಆದರೆ ಸದುದ್ದೇಶವು ಭಾರವನ್ನು ಹೊರಲಾರದು. ಹಳೆಯ ಕಟ್ಟಡದ ಒಂದು ಕಲ್ಲನ್ನು ಕದಲಿಸುವ ಮೊದಲು, ಅದರ ಮೇಲಿನ ಭಾರ ಇನ್ನು ಯಾವ ದಾರಿಯಲ್ಲಿ ನೆಲ ಸೇರುವುದೆಂದು ಕೇಳಿಕೊಳ್ಳಬೇಕು. ಬ್ಯಾರೋ ದಂಡೆಯ ಆ ಎರಡು ಬುರುಜುಗಳು ನಮಗೆ ಕಲಿಸುವ ಪಾಠವಿದು.