ಚರ್ಚ್ ಅಂಗಳದಲ್ಲಿ ಮೊಟ್ಟೆ ಹುಡುಕಾಟ

ಈಸ್ಟರ್ ದಿನ ಮಕ್ಕಳು ಹುಡುಕೋದು
ಮೊಟ್ಟೆನೇ ಯಾಕೆ?

ಹಿಂದೆ ಯುರೋಪಲ್ಲಿ ತಪಸ್ಸುಕಾಲದ 40 ದಿನ
ಮೊಟ್ಟೆ ತಿನ್ನೋ ಹಾಗಿರಲಿಲ್ಲ.
ಕೋಳಿಗೇನು ಗೊತ್ತು ಉಪವಾಸ?
ಇಡ್ತಾನೇ ಇತ್ತು.
ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ!
ತೆರೆದ ಸಮಾಧಿಯ ಗುರುತು ಅನ್ನೋ ಅರ್ಥವೂ
ಅದಕ್ಕೆ ಸೇರ್ಕೊಳ್ತು.

ನಿಮ್ಮ ಚರ್ಚಲ್ಲೂ ಈ ಹುಡುಕಾಟ ಆಡಿಸ್ಬೇಕಾ?

ನಮ್ಮ ಬಿಸಿಲಿಗೆ ಚಾಕೊಲೇಟ್ ಮೊಟ್ಟೆ
ಕಾದ ಕಾವಲಿ ಮೇಲಿನ ಬೆಣ್ಣೆ ಥರ.
ಅದಕ್ಕೇ, ಬೆಳಗಿನ ಆರಾಧನೆ ಮುಗಿದ ಕೂಡಲೇ ಶುರು ಮಾಡಿ.

ಬೇಯಿಸಿದ ಮೊಟ್ಟೆಗೆ ಮನೆಯದೇ ಬಣ್ಣ:
ಅರಿಶಿನ, ಬೀಟ್‌ರೂಟ್, ಈರುಳ್ಳಿ ಸಿಪ್ಪೆ ಕುದಿಸಿದ ನೀರು.
ಒಂದು ಚಮಚ ವಿನಿಗರ್ ಹಾಕಿ,
ಬಣ್ಣ ಚೆನ್ನಾಗಿ ಹಿಡಿಯುತ್ತೆ.

ಪುಟಾಣಿಗಳಿಗೆ ಕ್ರೋಟನ್ ಗಿಡದ ಬುಡ,
ಅರ್ಧ ಕಾಣೋ ಹಾಗೆ ಬಚ್ಚಿಡಿ.
ದೊಡ್ಡ ಮಕ್ಕಳಿಗೆ ಕಾಂಪೌಂಡ್ ಗೋಡೆ ಸಂದಿ.
ಇರುವೆ ಗೂಡು ನೋಡ್ಕೊಳ್ಳಿ ಮಾರಾಯ್ರೆ!

ಎಷ್ಟು ಬಚ್ಚಿಟ್ರಿ ಅಂತ ಬರ್ಕೊಳ್ಳಿ.
ಒಂದು ಉಳಿದ್ರೂ,
ಮುಂದಿನ ಭಾನುವಾರ
ಮೂಗೇ ಹುಡುಕಿ ಕೊಡುತ್ತೆ!