ಪಂಚಾಯಿತಿ ಮೆಂಬರಿಗೆ ತಿಂಗಳಿಗೆಷ್ಟು?

ಚಹಾದಂಗಡಿಯ ಬೆಂಚಿನ ಮೇಲೆ ಗ್ರಾಮ ಪಂಚಾಯಿತಿ ಮೆಂಬರ ಸಂಬಳದ ಮಾತು ಬಂದರೆ ಲೆಕ್ಕ ಇಪ್ಪತ್ತು ಸಾವಿರಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಚುನಾವಣೆಯಲ್ಲಿ ಸುರಿಯುವ ದುಡ್ಡು ಕಂಡವರಿಗೆ ಹಾಗನ್ನಿಸುವುದೂ ಸಹಜವೇ. 2020ರ ಡಿಸೆಂಬರ್ ಚುನಾವಣೆಯ ಹೊತ್ತಿಗೆ ಕೆಲವು ಹಳ್ಳಿಗಳು ಸದಸ್ಯ ಸ್ಥಾನವನ್ನೇ ಹರಾಜು ಹಾಕಿ ಸುದ್ದಿಯಾಗಿದ್ದವು. ಲಕ್ಷಗಟ್ಟಲೆ ಕೂಗಿದವನು ಪುಕ್ಕಟೆ ದುಡಿಯುತ್ತಾನೆಯೇ ಎಂಬುದು ಕಟ್ಟೆಯ ತರ್ಕ.

ಪುಕ್ಕಟೆಯಲ್ಲ, ನಿಜ. ಆದರೆ ಸಿಗುವುದು ಸಂಬಳವಲ್ಲ, ಗೌರವಧನ. ಕರ್ನಾಟಕದಲ್ಲಿ ಸದಸ್ಯರಿಗೆ ತಿಂಗಳಿಗೆ 1,000, ಉಪಾಧ್ಯಕ್ಷರಿಗೆ 2,000, ಅಧ್ಯಕ್ಷರಿಗೆ 3,000 ರೂಪಾಯಿ ಇದ್ದದ್ದು 2022ರಲ್ಲಿ 2,000, 4,000 ಮತ್ತು 6,000 ಆಯಿತು. ‘ದುಪ್ಪಟ್ಟು’ ಎಂದು ಪತ್ರಿಕೆಗಳು ಬರೆದವು. ಲೆಕ್ಕ ತಪ್ಪಲ್ಲ. ಆದರೆ 2025–26ರಲ್ಲಿ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆರು ದಿನ ಗುದ್ದಲಿ ಹಿಡಿದವರ ಖಾತೆಗೆ 2,220 ಬೀಳುತ್ತಿತ್ತು. 2022ರ ದರದ ಪ್ರಕಾರ ಮೆಂಬರಿಗೆ ಇಡೀ ತಿಂಗಳಿಗೆ 2,000. ನಲ್ಲಿಗೆ ನೀರು ಬಿಡುವ ವಾಟರ್‌ಮ್ಯಾನ್‌ಗೆ ಕನಿಷ್ಠ ವೇತನದ ಆಸರೆಯಿದೆ. ನೀರು ಬಂದಿಲ್ಲವೆಂದು ಬೆಳಗಾಗುವ ಮುಂಚೆ ಬೈಸಿಕೊಳ್ಳುವ ಮೆಂಬರಿಗೆ ಅದೂ ಇಲ್ಲ.

‘ಕಮ್ಮಿಯಾದರೆ ಅವರೇ ಏರಿಸಿಕೊಳ್ಳುತ್ತಾರೆ ಬಿಡಿ’ ಎನ್ನುವವರು ಮೆಂಬರನ್ನೂ ಶಾಸಕರನ್ನೂ ಒಂದೇ ತಕ್ಕಡಿಯಲ್ಲಿ ಇಡುತ್ತಾರೆ. ಸಂಸದರು ತಮ್ಮ ವೇತನವನ್ನು ತಾವೇ ಗೊತ್ತು ಮಾಡಿಕೊಳ್ಳಲು ಸಂವಿಧಾನದ 106ನೇ ವಿಧಿ ಅವಕಾಶ ಕೊಟ್ಟಿದೆ. ಶಾಸಕರಿಗೆ 195ನೇ ವಿಧಿ. 2025ರ ಮಾರ್ಚ್‌ನಲ್ಲಿ ಕರ್ನಾಟಕದ ಶಾಸಕರ ತಿಂಗಳ ವೇತನ 40,000ದಿಂದ 80,000ಕ್ಕೆ ಏರಿದ್ದು ಹೀಗೆಯೇ. ಸದನದಲ್ಲಿ ಬೇರೆ ವಿಷಯಕ್ಕೆ ಗದ್ದಲ ನಡೆಯುತ್ತಿದ್ದಾಗಲೇ ಆ ಮಸೂದೆ ಪಾಸಾಯಿತು. ಪಂಚಾಯಿತಿ, ನಗರಸಭೆಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ 73 ಮತ್ತು 74ನೇ ತಿದ್ದುಪಡಿಗಳಲ್ಲಿ ಮಾತ್ರ ಸದಸ್ಯರ ವೇತನಕ್ಕೆಂದು ಅಂಥ ವಿಧಿಯಿಲ್ಲ. ಎಷ್ಟು ಕೊಡಬೇಕೆಂಬುದು ರಾಜ್ಯಕ್ಕೆ ಬಿಟ್ಟದ್ದು. ಮೆಂಬರುಗಳ ಕೈಯಲ್ಲಿ ಇರುವುದು ಒಂದು ಮತ. 75 ಸದಸ್ಯರ ವಿಧಾನ ಪರಿಷತ್ತಿಗೆ 25 ಮಂದಿಯನ್ನು ಆರಿಸುವುದು ಸ್ಥಳೀಯ ಸಂಸ್ಥೆಗಳ ಪ್ರತಿನಿಧಿಗಳು. ಆ 25 ಸ್ಥಾನಗಳಿಗೆ ಚುನಾವಣೆ ನಡೆದದ್ದು 2021ರ ಡಿಸೆಂಬರ್‌ನಲ್ಲಿ, ಗೌರವಧನ ಏರಿದ್ದು ಮರುವರ್ಷ. ಕಾಕತಾಳೀಯ ಎನ್ನುವವರು ಎನ್ನಲಿ.

ಪಂಚಾಯಿತಿಗೆ ಬರುವ ಅನುದಾನ ಮೆಂಬರ ಪಾಲಿನ ದುಡ್ಡು ಎಂಬುದು ಇನ್ನೊಂದು ನಂಬಿಕೆ. ಶಾಸಕರಿಗೆ ಇರುವಂಥ ಪ್ರದೇಶಾಭಿವೃದ್ಧಿ ನಿಧಿ ಮೆಂಬರಿಗಿಲ್ಲ. ಹಣಕಾಸು ಆಯೋಗದ ಅನುದಾನ ಪಂಚಾಯಿತಿಯ ಖಾತೆಗೆ ಬರುತ್ತದೆ, ಅಧ್ಯಕ್ಷರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಇಬ್ಬರ ಒಪ್ಪಿಗೆಯಿಲ್ಲದೆ ಪೈಸೆ ಹೊರಹೋಗದು. ಹಾಗೆಂದು ಬಿಲ್ಲಿನಲ್ಲಿ ಕಮಿಷನ್ ಕೀಳುವವರು ಇಲ್ಲವೇ? ಇದ್ದಾರೆ. ಅದು ಭತ್ಯೆಯಲ್ಲ, ಲಂಚ. ಗೌರವಧನ ಎರಡೇ ಸಾವಿರ ಎಂಬ ಸಬೂಬು ಭ್ರಷ್ಟಾಚಾರ ತಡೆ ಕಾಯ್ದೆಯ ಮುಂದೆ ನಡೆಯುವುದಿಲ್ಲ.

ಮಾಜಿ ಶಾಸಕರಂತೆ ಮಾಜಿ ಮೆಂಬರಿಗೂ ಪಿಂಚಣಿ ಉಂಟೆಂಬುದು ಸುಳ್ಳು.

ಇವೆಲ್ಲಕ್ಕಿಂತ ಗಟ್ಟಿಯಾದ ನಂಬಿಕೆ ಒಂದಿದೆ: ಊರ ಸೇವೆ ಮಾಡುವವರಿಗೆ ದುಡ್ಡೇಕೆ? ಕೇಳಲು ಇದು ಇಂಪು. ಊರಿನ ದೊಡ್ಡ ಹಿಡುವಳಿದಾರನೇ ಪಂಚಾಯಿತಿ ನಡೆಸುತ್ತಿದ್ದ ಕಾಲಕ್ಕೆ ಸರಿಯೂ ಇದ್ದೀತು. ಈಗ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲು ಬೇರೆಯೇ ಇದೆ. ಕೂಲಿಯಿಂದ ಬದುಕುವ ಮಹಿಳೆಯೊಬ್ಬರು ಮೆಂಬರಾದರೆ ಸಾಮಾನ್ಯ ಸಭೆ, ಗ್ರಾಮಸಭೆ, ತಾಲ್ಲೂಕು ಕಚೇರಿಯ ಓಡಾಟ ಪ್ರತಿಯೊಂದಕ್ಕೂ ಒಂದೊಂದು ದಿನದ ಕೂಲಿ ಹೋಗುತ್ತದೆ. ಹೊಲ, ಅಂಗಡಿ, ಗುತ್ತಿಗೆ ಇರುವವನಿಗೆ ಇದು ಭಾರವಲ್ಲ. ಗೌರವಧನ ಕಡಿಮೆ ಇಟ್ಟಷ್ಟೂ ಲಾಭ ಅವನಿಗೇ.

ಕೇರಳ ಗಡಿಯ ತಲಪಾಡಿ ದಾಟಿದರೆ ಲೆಕ್ಕ ಬೇರೆ. ಕರ್ನಾಟಕ ಇನ್ನೂ ಸಾವಿರ ರೂಪಾಯಿ ಕೊಡುತ್ತಿದ್ದ ಕಾಲಕ್ಕೇ ಕೇರಳದ ಗ್ರಾಮ ಪಂಚಾಯಿತಿ ಸದಸ್ಯರ ಗೌರವಧನ 7,000 ಮುಟ್ಟಿತ್ತು. ಮಂಜೇಶ್ವರದ ಕನ್ನಡ ಮೆಂಬರಿಗೂ ಗಡಿಯೀಚಿನ ಮೆಂಬರಿಗೂ ಆಗ ಏಳು ಪಟ್ಟು ವ್ಯತ್ಯಾಸವಿತ್ತು.

ಹೊರದೇಶಗಳಲ್ಲಿ ಕೌನ್ಸಿಲರ್ ಎಂದರೆ ಕೈತುಂಬ ಸಂಬಳದ ಕೆಲಸ ಎಂದು ತಿಳಿಯುವುದೂ ಪೂರ್ತಿ ಸರಿಯಲ್ಲ. ಕಲಬುರಗಿ ಜಿಲ್ಲೆಯ ನೀರಜ್ ಪಾಟೀಲ್ ಕೌನ್ಸಿಲರ್ ಆಗಿ, 2010ರಲ್ಲಿ ಮೇಯರ್ ಕೂಡ ಆದ ಲಂಡನ್ನಿನ ಲ್ಯಾಂಬೆತ್ ಸೇರಿದಂತೆ ಇಂಗ್ಲೆಂಡಿನಲ್ಲಿ ಕೌನ್ಸಿಲರುಗಳಿಗೆ ಸಂಬಳವಿಲ್ಲ. ಎಲ್ಲರಿಗೂ ಒಂದು ಮೂಲ ಭತ್ಯೆ, ಹೊಣೆ ಹೊತ್ತವರಿಗೆ ವಿಶೇಷ ಭತ್ಯೆ. ಇದಕ್ಕೆ ತೆರಿಗೆಯೂ ಉಂಟು. ಮೊತ್ತ ಎಷ್ಟಿರಬೇಕೆಂದು ಸ್ವತಂತ್ರ ಸಮಿತಿಯೊಂದು ಶಿಫಾರಸು ಮಾಡಬೇಕೆಂದು 2003ರ ನಿಯಮ ಹೇಳುತ್ತದೆ. ಆ ಶಿಫಾರಸನ್ನು ಕೌನ್ಸಿಲ್ ಪರಿಗಣಿಸಲೇಬೇಕು, ಒಪ್ಪಲೇಬೇಕೆಂದಿಲ್ಲ. ಅದಕ್ಕಿಂತ ಹೆಚ್ಚು ಬರೆದುಕೊಂಡ ಕೌನ್ಸಿಲ್ ಮರುದಿನ ಸ್ಥಳೀಯ ಪತ್ರಿಕೆಗೆ ಉತ್ತರ ಕೊಡಬೇಕಾಗುತ್ತದೆ. ಪಕ್ಕದ ವೇಲ್ಸ್‌ನಲ್ಲಿ ಆ ಸ್ವಾತಂತ್ರ್ಯವೂ ಇಲ್ಲ. ಸ್ವತಂತ್ರ ಸಂಸ್ಥೆ ಗೊತ್ತು ಮಾಡಿದ ಮೊತ್ತವೇ ಅಂತಿಮ.