ಗರ್ಭದಲ್ಲಿ ಹಸಿದ ಮೈ, ದೊಡ್ಡವರಾದಾಗ ಹೊಟ್ಟೆ

ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ.
ಇಂಥವರನ್ನ ನೀವೂ ನೋಡಿರ್ತೀರಿ.
ಇದು ಬರೀ ಜಾಸ್ತಿ ತಿಂದದ್ದರಿಂದಾನಾ?

ಮೈಸೂರಿಗೆ ಬನ್ನಿ.
ಹೋಲ್ಡ್ಸ್‌ವರ್ತ್ ಆಸ್ಪತ್ರೆ.
ಜನರ ಬಾಯಲ್ಲಿ ಮಿಷನ್ ಆಸ್ಪತ್ರೆ.
1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ,
ಎಲ್ಲಾ ಬರೆದಿಟ್ಟಿದ್ದರು.
ಯಾರೋ ದಾದಿ, ಯಾವತ್ತೋ ಬರೆದ ಆ ಅಂಕಿ
ಎಷ್ಟು ಬೆಲೆಬಾಳ್ತು ನೋಡಿ!

ಆ ಮಕ್ಕಳು ನಡುವಯಸ್ಸಿಗೆ ಬಂದಾಗ
ಸಂಶೋಧಕರು ಅವರನ್ನ ಹುಡುಕಿ ಪರೀಕ್ಷೆ ಮಾಡಿದ್ರು.
1996ರಲ್ಲಿ ಫಲಿತಾಂಶ ಬಂತು.
ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲೇ
ಹೃದ್ರೋಗ ಹೆಚ್ಚು!

ಯಾಕೆ ಹೀಗೆ?
ಬರ ಕಂಡ ರೈತ ಏನ್ಮಾಡ್ತಾನೆ?
ಸಿಕ್ಕ ರಾಗಿನೆಲ್ಲ ಹಗೇವಿಗೆ ತುಂಬ್ತಾನೆ.
ಗರ್ಭದಲ್ಲೇ ಹಸಿವು ಕಂಡ ಮೈಯೂ ಹಾಗೇ.
ಮುಂದೆ ಊಟ ಹೇರಳವಾಗಿ ಸಿಕ್ಕರೆ,
ಕೊಬ್ಬನ್ನ ಹೊಟ್ಟೆಯ ಸುತ್ತ ಕೂಡಿಡುತ್ತೆ.
ಅಲ್ಲಿಂದ ಶುಗರ್, ಬಿಪಿ, ಹಾರ್ಟ್ ತೊಂದರೆ.

ಅಂದ್ರೆ ಹಸಿವು, ಅತಿ ಊಟ
ಬೇರೆ ಬೇರೆ ಕಥೆ ಅಲ್ಲ.
2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ.
ನಮ್ಮ ಕರ್ನಾಟಕದಲ್ಲಿ
ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳಿಗೆ
ವಯಸ್ಸಿಗೆ ತಕ್ಕ ಎತ್ತರ ಇಲ್ಲ.
100 ಹೆಂಗಸರಲ್ಲಿ 30 ಮಂದಿಗೆ ತೂಕ ಜಾಸ್ತಿ.
ಎರಡೂ ಒಂದೇ ಊರಲ್ಲಿ,
ಎಷ್ಟೋ ಸಲ ಒಂದೇ ಮನೆಯಲ್ಲಿ.

ಅನ್ನ, ತಿಳಿಸಾರಿನಿಂದ ಹೊಟ್ಟೆ ತುಂಬುತ್ತೆ,
ಮಗು ಬೆಳೆಯೋಕೆ ಅದು ಸಾಲಲ್ಲ.
ಸೊಪ್ಪು, ಕಾಳು, ಹಾಲು, ತಿನ್ನೋರಾದ್ರೆ ಮೊಟ್ಟೆ ಬೇಕೇ ಬೇಕು.

ನಿಮ್ಮನೇಲಿ ಬಸುರಿ ಇದ್ದಾರಾ?
ಎಲ್ಲರೂ ಉಂಡ ಮೇಲೆ
ಉಳಿದದ್ದು ಅವರಿಗೆ ಅನ್ನೋದು ಇವತ್ತೇ ನಿಲ್ಲಲಿ.
ಮೊದಲ ತಟ್ಟೆ ಅವರಿಗೇ ಬಡಿಸಿ.